ಅಕ್ಕಿಗೂ ಪರೀಕ್ಷೆ ಬೇಕೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಪತ್ರ ಬರೆದಾಗ, 'ನಿಮ್ಮ ನೌಕರಿಯ ಅನುಭವದಿಂದ ನಾಲ್ಕು ಮಾತು ಹೇಳಬೇಕು' ಎಂದಿದ್ದರು. ನಮ್ಮಂಥ ನಿವೃತ್ತರಿಗೆ ಇಂಥ ಅವಕಾಶ ಸಿಕ್ಕರೆ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿ ಓದುತ್ತೇವೆ. ಇವತ್ತು ನಾನು ಹಾಗೆ ಮಾಡುವುದಿಲ್ಲ. ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ನಾನು ಓದಿದ ಶಾಲೆಯ ಮುಂದೆ, ನನ್ನ ಗುರುಗಳ ಮುಂದೆ ಅದನ್ನು ಹೇಳದೆ ಬೇರೆಲ್ಲಿ ಹೇಳಲಿ?

ಈ ಮಾತು ಈಗ ಏಕೆ ಬಂತು ಎಂದು ಮೊದಲು ಹೇಳಿಬಿಡುತ್ತೇನೆ. ಹೋದ ತಿಂಗಳು ಊರಿಗೆ ಬಂದಾಗ ಚಹಾದಂಗಡಿಯಲ್ಲಿ ಕೂತಿದ್ದೆ. ನಾಲ್ಕು ಜನ ಯುವಕರು ಮೊಬೈಲಿನಲ್ಲಿ ಏನೋ ನೋಡುತ್ತ ಮಾತಾಡುತ್ತಿದ್ದರು. ಒಬ್ಬ ಹೇಳಿದ: "ಅಮೆರಿಕಾದಾಗ ಸರ್ಕಾರದ ರೊಕ್ಕ ತಗೊಳ್ಳೋರಿಗೆ ನಶಾ ಪರೀಕ್ಷೆ ಮಾಡ್ತಾರಂತ. ಪಾಸಾದ್ರ ರೊಕ್ಕ, ಇಲ್ಲಾಂದ್ರ ಇಲ್ಲ. ನಮ್ಮಲ್ಲೂ ಹಂಗ ಮಾಡಬೇಕು ನೋಡ. ಕುಡದು ಬಂದವಗ ಅಕ್ಕಿ ಯಾಕ?" ಪಕ್ಕದಲ್ಲಿ ಕೂತಿದ್ದ ಹಿರಿಯರೂ 'ಖರೇ ಐತಿ' ಎಂದು ತಲೆ ಹಾಕಿದರು. ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಏಕೆಂದರೆ ಇದೇ ಮಾತನ್ನು ನಾನು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕೇಳಿದ್ದೆ, ಕೇಳಿ ಒಪ್ಪಿಯೂ ಇದ್ದೆ.

ಆಗ ನಾನು ಬೇರೆ ಜಿಲ್ಲೆಯ ಒಂದು ತಾಲೂಕಿನಲ್ಲಿ ಆಹಾರ ನಿರೀಕ್ಷಕನಾಗಿದ್ದೆ. ಊರಿನ ಹೆಸರು ಬೇಡ. ತಪ್ಪು ನನ್ನದು, ಊರಿನದಲ್ಲ. ಸಾರಾಯಿ ಪ್ಯಾಕೆಟ್ ಬೀದಿ ಬೀದಿಯಲ್ಲಿ ಸಿಗುತ್ತಿದ್ದ ಕಾಲ. ಒಂದು ದಿನ ಆ ಊರಿನ ಹತ್ತು ಜನ ಹಿರಿಯರು ನನ್ನ ಬಳಿ ಬಂದರು. ಅವರ ಕೈಯಲ್ಲಿ ಒಂದು ಹಾಳೆ, ಅದರಲ್ಲಿ ಹದಿನಾಲ್ಕು ಹೆಸರು. "ಸಾಹೇಬ್ರ, ಇವರೆಲ್ಲ ಕುಡುಕರು. ಅಗ್ಗದ ಅಕ್ಕಿ ಒಯ್ದು ಮಾರಿ ಕುಡೀತಾರ. ಕುಡಿಯೋದು ಬಿಡೋ ತನಕ ಇವರ ಕಾರ್ಡಿಗೆ ರೇಷನ್ ಕೊಡಬ್ಯಾಡ್ರಿ. ಹೊಟ್ಟಿ ಹಸದ್ರ ಬುದ್ಧಿ ಬರತೈತಿ" ಎಂದರು.

ಹೀಗೆ ಮಾಡಲು ಯಾವ ಆದೇಶವೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೆ ಬಂದವರು ಒಳ್ಳೆಯ ಮನುಷ್ಯರು, ಊರಿನ ಹಿತಕ್ಕೇ ಬಂದವರು. ಕುಡಿತದ ಮೇಲೆ ನನಗೂ ಸಿಟ್ಟಿತ್ತು. ಕಾಗದದಲ್ಲಿ ಏನೂ ಬರೆಯಲಿಲ್ಲ. ನ್ಯಾಯಬೆಲೆ ಅಂಗಡಿಯವರನ್ನು ಕರೆದು, 'ಒಂದು ತಿಂಗಳು ಇವರಿಗೆ ಇವತ್ತು ಬಾ, ನಾಳೆ ಬಾ ಎನ್ನಿ, ನೋಡೋಣ' ಎಂದು ಬಾಯಿಮಾತಿನಲ್ಲಿ ಹೇಳಿದೆ. ಸರ್ಕಾರಿ ನೌಕರ ತಪ್ಪು ಮಾಡುವಾಗ ಬಾಯಿಮಾತಿನಲ್ಲೇ ಮಾಡುತ್ತಾನೆ.

ತಿಂಗಳು ಮುಗಿಯುವ ಹೊತ್ತಿಗೆ ಒಬ್ಬ ಹೆಣ್ಣುಮಗಳು ಕಚೇರಿಗೆ ಬಂದಳು. ಸೆರಗಿನಲ್ಲಿ ಕಾರ್ಡು ಕಟ್ಟಿಕೊಂಡಿದ್ದಳು. ಅಳಲಿಲ್ಲ, ಕೈ ಮುಗಿಯಲಿಲ್ಲ. ಕಾರ್ಡನ್ನು ಮೇಜಿನ ಮೇಲೆ ಇಟ್ಟು ಕೇಳಿದಳು: "ಸಾಹೇಬ್ರ, ಕುಡಿಯಾಂವ ಅಂವ ಒಬ್ಬ. ಉಣ್ಣೋರು ನಾವು ಐದು ಮಂದಿ. ಅಂವ ಮನ್ಯಾಗ ಉಣ್ಣೋದ ಕಡಿಮಿ. ನೀವು ನಿಲ್ಲಿಸಿದ್ದು ಯಾರ ಊಟಾರಿ?"

ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ನಾನೇ ಆ ಊರಿಗೆ ಹೋಗಿ ಹದಿನಾಲ್ಕು ಮನೆಗಳನ್ನೂ ತಿರುಗಿದೆ. ಆ ಕೆಲಸವನ್ನು ಒಂದು ತಿಂಗಳು ಮೊದಲೇ ಮಾಡಬೇಕಿತ್ತು. ಕಂಡದ್ದು ಇಷ್ಟು. ಕುಡಿಯುವವರಲ್ಲಿ ಒಬ್ಬನೂ ಕುಡಿತ ಬಿಟ್ಟಿರಲಿಲ್ಲ. ಮನೆಯ ಹೆಂಗಸರು ಅಂಗಡಿಯಲ್ಲಿ ಉದ್ರಿ ತಂದಿದ್ದರು, ಇಲ್ಲವೆ ಮುಂದಿನ ಸುಗ್ಗಿಯ ಕೂಲಿಯ ಮೇಲೆ ಹೊಲದವರ ಹತ್ತಿರ ಮುಂಗಡ ತೆಗೆದುಕೊಂಡಿದ್ದರು. ಪಟ್ಟಿಯಲ್ಲಿದ್ದ ಒಬ್ಬ ಜನ್ಮದಲ್ಲಿ ಕುಡಿದವನಲ್ಲ. ಪಟ್ಟಿ ಬರೆದವರ ಜೊತೆ ಬದುವಿನ ಜಗಳ ಇತ್ತು, ಅಷ್ಟೇ. ಇನ್ನು ಊರಿನಲ್ಲಿ ದಿನಾಲೂ ಕುಡಿಯುವ ಕೆಲವು ದೊಡ್ಡ ಮನೆಯವರ ಹೆಸರು ಅದರಲ್ಲಿ ಇರಲೇ ಇಲ್ಲ. ಅವರಿಗೆ ಬಿಪಿಎಲ್ ಕಾರ್ಡು ಇರಲಿಲ್ಲವಲ್ಲ, ನಿಲ್ಲಿಸುವುದಕ್ಕೆ ಏನಿತ್ತು?

ಕಚೇರಿಗೆ ಬಂದಿದ್ದ ಆ ತಾಯಿಯ ಹಿರಿಯ ಮಗಳು ಏಳನೆಯ ತರಗತಿಯಲ್ಲಿದ್ದಳು. ಅಂಗಡಿಯ ಉದ್ರಿ ತೀರಿಸಲು ಆಕೆಯನ್ನು ಶಾಲೆ ಬಿಡಿಸಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹಚ್ಚಿದ್ದರು. ಬ್ಯಾಡಗಿಯ ಕಡೆಯವರಿಗೆ ಆ ಕೆಲಸ ಹೇಳಬೇಕಾಗಿಲ್ಲ. ಸಂಜೆಯ ಹೊತ್ತಿಗೆ ಕೈಬೆರಳು ಉರಿಯುತ್ತವೆ, ಕಣ್ಣು ಮುಟ್ಟಿಕೊಳ್ಳುವ ಹಾಗಿಲ್ಲ. ನಾನು ಅದೇ ದಿನ ಅಂಗಡಿಯವರಿಗೆ ಹೇಳಿ ರೇಷನ್ ಶುರು ಮಾಡಿಸಿದೆ. ಆದರೆ ಹೋದ ತಿಂಗಳಿನದು ಹೋಯಿತು, ಅದನ್ನು ಮತ್ತೆ ಕೊಡಿಸಲು ಆಗಲಿಲ್ಲ. ಮುಂದಿನ ಜೂನ್‌ನಲ್ಲಿ ಆ ಶಾಲೆಗೆ ಹೋಗಿ ಕೇಳಿದೆ. ಹುಡುಗಿ ತಿರುಗಿ ಬಂದಿರಲಿಲ್ಲ. ಒಂದು ತಿಂಗಳ ಅಕ್ಕಿಯನ್ನು ನಾನು ತಡೆದೆ, ಆಕೆಯ ಓದು ನಿಂತೇಹೋಯಿತು. ನನ್ನ ಸೇವಾ ಪುಸ್ತಕದಲ್ಲಿ ಇದು ಎಲ್ಲಿಯೂ ದಾಖಲಾಗಿಲ್ಲ. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಈಗ ಆ ಯುವಕರು ಹೇಳಿದ ಅಮೆರಿಕಾದ ಮಾತಿಗೆ ಬರೋಣ. ಅವರು ಸುಳ್ಳು ಹೇಳಿರಲಿಲ್ಲ. 1996ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಬಡವರ ನೆರವಿನ ಕಾನೂನನ್ನು ಬದಲಿಸಿದಾಗ, ನೆರವು ಪಡೆಯುವವರಿಗೆ ಮಾದಕ ವಸ್ತು ಪರೀಕ್ಷೆ ಮಾಡಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. 2011ರಲ್ಲಿ ಫ್ಲಾರಿಡಾ ಎಂಬ ರಾಜ್ಯ, ಮಕ್ಕಳಿರುವ ಬಡ ಕುಟುಂಬಕ್ಕೆ ಕೊಡುವ ನಗದು ನೆರವಿಗೆ ಅರ್ಜಿ ಹಾಕುವ ಪ್ರತಿಯೊಬ್ಬರೂ ಮೂತ್ರ ಪರೀಕ್ಷೆ ಮಾಡಿಸಬೇಕು ಎಂದು ಕಾನೂನು ಮಾಡಿತು. ಪರೀಕ್ಷೆಯ ಖರ್ಚು ಅರ್ಜಿದಾರನೇ ಕೊಡಬೇಕು; ಪಾಸಾದರೆ ಸರ್ಕಾರ ಹಣ ವಾಪಸು ಕೊಡುತ್ತದೆ. ಫೇಲಾದರೆ ಒಂದು ವರ್ಷ ನೆರವಿಲ್ಲ.

ಏನಾಯಿತು? ಕೋರ್ಟು ತಡೆಯುವ ತನಕ ನಾಲ್ಕು ತಿಂಗಳು ಪರೀಕ್ಷೆ ನಡೆಯಿತು. 4,086 ಜನ ಪರೀಕ್ಷೆಗೆ ಒಳಗಾದರು. ಅವರಲ್ಲಿ ಸಿಕ್ಕಿಬಿದ್ದವರು 108. ಅಂದರೆ ನೂರಕ್ಕೆ ಮೂರು ಜನವೂ ಇಲ್ಲ. ಪಾಸಾದವರಿಗೆ ಸರ್ಕಾರ ವಾಪಸು ಕೊಟ್ಟ ಪರೀಕ್ಷಾ ಶುಲ್ಕವೇ 1,18,000 ಡಾಲರಿಗಿಂತ ಹೆಚ್ಚಾಯಿತು. ಸಿಕ್ಕಿಬಿದ್ದವರಿಗೆ ಕೊಡದೆ ಉಳಿಸಿದ ಹಣ ಅಷ್ಟು ಇರಲಿಲ್ಲ. ಕಳ್ಳನನ್ನು ಹಿಡಿಯಲು ಕಳುವಾದ ಮಾಲಿಗಿಂತ ಹೆಚ್ಚು ಖರ್ಚು ಮಾಡಿದ ಹಾಗೆ. ನೌಕಾಪಡೆಯಲ್ಲಿ ಸೇವೆ ಮಾಡಿ ಬಂದು, ಕಾಲೇಜು ಓದುತ್ತ, ಒಬ್ಬನೇ ಮಗನನ್ನು ಸಾಕುತ್ತಿದ್ದ ಒಬ್ಬ ತಂದೆ, 'ನಾನು ಬಡವ ಎಂಬ ಒಂದೇ ಕಾರಣಕ್ಕೆ ನನ್ನನ್ನು ಅಪರಾಧಿಯಂತೆ ಏಕೆ ತಪಾಸಣೆ ಮಾಡುತ್ತೀರಿ' ಎಂಬ ವಾದ ಹಿಡಿದು ಕೋರ್ಟಿಗೆ ಹೋದ. 2011ರ ಅಕ್ಟೋಬರಿನಲ್ಲಿ ನ್ಯಾಯಾಲಯ ಪರೀಕ್ಷೆಗೆ ತಡೆ ಕೊಟ್ಟಿತು, 2013ರ ಕೊನೆಯ ದಿನ ಆ ಕಾನೂನನ್ನೇ ರದ್ದು ಮಾಡಿತು, 2014ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಂಶಯ ಬಂದವರನ್ನು ಮಾತ್ರ ಪರೀಕ್ಷಿಸುವ ಪದ್ಧತಿ ಕೆಲವು ರಾಜ್ಯಗಳಲ್ಲಿ ಮುಂದೆಯೂ ನಡೆಯಿತು. ಆಸ್ಟ್ರೇಲಿಯಾ ಸರ್ಕಾರ 2017ರಲ್ಲಿ ಇಂಥದೇ ಪ್ರಯೋಗಕ್ಕೆ ಹೊರಟಿತು, ಅಲ್ಲಿಯ ಸಂಸತ್ತಿನಲ್ಲಿ ಅದು ಪಾಸಾಗಲಿಲ್ಲ.

ಇರಲಿ, ಅಮೆರಿಕಾದ ನ್ಯಾಯ ಅಮೆರಿಕಾಕ್ಕೆ. ನಮ್ಮೂರಿಗೆ ಈ ಪರೀಕ್ಷೆ ತಂದರೆ ಏನಾಗುತ್ತದೆ, ಅದನ್ನು ನೋಡೋಣ. ನಮ್ಮ ಹಳ್ಳಿಗಳ ದೊಡ್ಡ ಪಿಡುಗು ಕುಡಿತ. ಗಾಂಜಾ ಸೇದಿದವನ ಮೂತ್ರದಲ್ಲಿ ಅದರ ಕುರುಹು ಹಲವು ದಿನ ಉಳಿಯುತ್ತದೆ, ದಿನಾಲೂ ಸೇದುವವನಲ್ಲಿ ವಾರಗಟ್ಟಲೆ ಉಳಿಯುವುದುಂಟು. ಆದರೆ ಪೊಲೀಸರು ಊದಿಸುವ ಯಂತ್ರದಲ್ಲಿ ಮದ್ಯ ಸಿಗುವುದು ಕೆಲವು ತಾಸು ಮಾತ್ರ. ರೇಷನ್ ದಿನ ಬೆಳಿಗ್ಗೆ ಸುಮ್ಮನಿದ್ದು ಸಂಜೆ ಕುಡಿದವನು ಪರೀಕ್ಷೆಯಲ್ಲಿ ಪಾಸು. ಅಂದರೆ ನಾವು ಯಾರನ್ನು ಹಿಡಿಯಬೇಕು ಎನ್ನುತ್ತೇವೋ ಅವನೇ ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ಉಳಿಯುವುದು ಯಾವ ಪರೀಕ್ಷೆ? ನನ್ನ ಕೈಗೆ ಬಂದಿತ್ತಲ್ಲ, ಹದಿನಾಲ್ಕು ಹೆಸರಿನ ಹಾಳೆ, ಅದೇ. ಯಾರು ಕುಡುಕ ಎಂದು ಊರಿನಲ್ಲಿ ಬಲ ಇದ್ದವನು ಹೇಳುತ್ತಾನೆ.

ಒಂದು ಮಾತು ಒಪ್ಪುತ್ತೇನೆ. ಹಾಗೆ ಕೇಳುವವರೆಲ್ಲ ಬಡವರ ವೈರಿಗಳಲ್ಲ. ಅನೇಕ ಸಲ ಈ ಮಾತನ್ನು ನೊಂದ ತಾಯಂದಿರೇ ಹೇಳುತ್ತಾರೆ. 'ಬಂದ ರೊಕ್ಕ ಎಲ್ಲಾ ಬಾಟ್ಲಿಗೆ ಹೋಗತೈತಿ' ಎಂಬ ಸಂಕಟ ಖರೇ ಸಂಕಟ. ತೆರಿಗೆ ಕೊಡುವವನಿಗೂ ಕೇಳುವ ಹಕ್ಕಿದೆ. ಲಾರಿ ಓಡಿಸುವವನಿಗೆ ಪರೀಕ್ಷೆ ಇಲ್ಲವೇ ಎಂದು ನನ್ನ ಗೆಳೆಯರೊಬ್ಬರು ಕೇಳಿದರು. ಇದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಮೋಟಾರು ವಾಹನ ಕಾನೂನಿನ ಪ್ರಕಾರ ಅಪರಾಧ. ಇರಲೇಬೇಕು. ಅಲ್ಲಿ ಕುಡಿದವನನ್ನು ತಡೆದರೆ ರಸ್ತೆಯ ಮೇಲಿನ ಬೇರೆಯವರ ಜೀವ ಉಳಿಯುತ್ತದೆ. ರೇಷನ್ ವಿಷಯದಲ್ಲಿ ಇದು ತಿರುಗುಮುರುಗು. ಅಕ್ಕಿ ತಡೆದರೆ ಕಷ್ಟವಾಗುವುದು ಕುಡಿಯದ ಬೇರೆಯವರಿಗೆ.

ಸರ್ಕಾರದ ನೆರವಿಗೆ ಯಾವ ಷರತ್ತೂ ಇರಬಾರದು ಎಂದೂ ನಾನು ಹೇಳುವುದಿಲ್ಲ. ನಮ್ಮ ಭಾಗ್ಯಲಕ್ಷ್ಮಿ ಯೋಜನೆಯನ್ನೇ ನೋಡಿ. ಹುಡುಗಿ ಶಾಲೆ ಕಲಿಯಬೇಕು, 18 ವರ್ಷದ ಮೊದಲು ಮದುವೆ ಆಗಬಾರದು ಎಂಬ ಷರತ್ತು ಅದರಲ್ಲಿದೆ. ಆ ಷರತ್ತು ಪಾಲಿಸಿದರೆ ಲಾಭ ಆ ಹುಡುಗಿಗೇ. ಗೃಹಲಕ್ಷ್ಮಿಯಲ್ಲಿ ಆದಾಯ ತೆರಿಗೆ ಕಟ್ಟುವ ಮನೆಯವರಿಗೆ ಹಣ ಇಲ್ಲ ಎಂದಿದ್ದಾರೆ. ಯಾರಿಗೆ ಅಗತ್ಯ ಎಂದು ತಿಳಿಯಲು ಮಾಡಿದ ನಿಯಮ ಅದು. ಆದರೆ ಒಬ್ಬನ ಚಟಕ್ಕೆ ಇನ್ನೊಬ್ಬರ ತುತ್ತನ್ನು ಒತ್ತೆ ಇಡುವ ಷರತ್ತು ಬೇರೆ ಜಾತಿಯದು. ನಾನು ಹೇಳಬೇಕಾದದ್ದು ಇದೊಂದೇ.

ನಮ್ಮ ಸಂವಿಧಾನವನ್ನು ಬರೆದವರು ಈ ಎರಡು ವಿಷಯಗಳನ್ನೂ ಒಂದೇ ಕಡೆ ಇಟ್ಟಿದ್ದಾರೆ. 47ನೆಯ ವಿಧಿಯನ್ನು ವಿದ್ಯಾರ್ಥಿಗಳು ಮನೆಗೆ ಹೋಗಿ ಓದಿ ನೋಡಬೇಕು. ಜನರ ಪೌಷ್ಟಿಕ ಆಹಾರದ ಮಟ್ಟವನ್ನು ಏರಿಸುವುದು ರಾಜ್ಯದ ಕರ್ತವ್ಯ ಎಂದು ಅದು ಹೇಳುತ್ತದೆ. ಮತ್ತು ಮದ್ಯ ಹಾಗೂ ಮಾದಕ ವಸ್ತುಗಳ ಸೇವನೆಯನ್ನು ನಿಲ್ಲಿಸಲು ರಾಜ್ಯ ಪ್ರಯತ್ನಿಸಬೇಕು ಎಂದೂ ಅದೇ ವಿಧಿ ಹೇಳುತ್ತದೆ. ಹೊಟ್ಟೆಗೆ ಕೊಡುವುದು, ಕುಡಿತ ಬಿಡಿಸುವುದು, ಎರಡೂ ಸರ್ಕಾರದ ಹೊಣೆ. ಒಂದನ್ನು ಬಡವನು ಮುಗಿಸಿ ಬಂದರೆ ಮಾತ್ರ ಇನ್ನೊಂದನ್ನು ಕೊಡುತ್ತೇವೆ ಎಂದು ಅಲ್ಲಿ ಬರೆದಿಲ್ಲ.

ಹಾಗಾದರೆ ಆ ಎರಡನೆಯ ಹೊಣೆಯನ್ನು ಸರ್ಕಾರಗಳು ಹೇಗೆ ನಡೆಸಿವೆ? 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಒಳ್ಳೆಯ ಕೆಲಸವೇ. ಆದರೆ ಕುಡಿತ ನಿಲ್ಲಲಿಲ್ಲ. ಸಾರಾಯಿ ಪ್ಯಾಕೆಟಿನ ಜಾಗಕ್ಕೆ ಬೇರೆ ಪ್ಯಾಕೆಟು, ಬಾಟಲಿ ಬಂದವು. ಸರ್ಕಾರದ್ದೇ ಕಂಪನಿ ಎಂಎಸ್‌ಐಎಲ್ ಮದ್ಯದ ಮಳಿಗೆ ನಡೆಸುತ್ತದೆ. 2025-26ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟ ಹಣ ಸುಮಾರು 51 ಸಾವಿರ ಕೋಟಿ ರೂಪಾಯಿ. ಅದೇ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕು ಎಂದು ಇಟ್ಟುಕೊಂಡ ಗುರಿ 40 ಸಾವಿರ ಕೋಟಿ. ಯಾವ ಪಕ್ಷದ ಸರ್ಕಾರ ಬಂದರೂ ಈ ಗುರಿ ವರ್ಷ ವರ್ಷ ಏರಿದೆ, ಆದ್ದರಿಂದ ಇದರಲ್ಲಿ ರಾಜಕೀಯ ಹುಡುಕಬೇಡಿ. ಗಂಡನ ಜೇಬಿನಿಂದ ಒಂದು ಕಿಟಕಿಯಲ್ಲಿ ತೆಗೆದುಕೊಂಡು ಹೆಂಡತಿಯ ಖಾತೆಗೆ ಇನ್ನೊಂದು ಕಿಟಕಿಯಲ್ಲಿ ಹಾಕುತ್ತಿದ್ದೇವೆ. ಈ ನಡುವೆ ನಿಂತು, 'ಮೊದಲು ನಿನ್ನ ಗಂಡನನ್ನು ಪರೀಕ್ಷೆಗೆ ಕರೆದುಕೊಂಡು ಬಾ' ಎಂದು ಆಕೆಗೆ ಹೇಳುವ ಬಾಯಿ ನಮಗೆ ಎಲ್ಲಿದೆ?

ಹಣ ಬಾಟಲಿಗೆ ಹೋಗುವುದನ್ನು ತಡೆಯಲು ಪರೀಕ್ಷೆಗಿಂತ ಒಳ್ಳೆಯ ದಾರಿಯೊಂದನ್ನು ನಮ್ಮ ದೇಶ ಆಗಲೇ ಹಿಡಿದಿದೆ. 2013ರ ಆಹಾರ ಭದ್ರತಾ ಕಾಯ್ದೆಯ 13ನೆಯ ಕಲಮು, ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಹಿರಿಯ ಹೆಣ್ಣುಮಗಳೇ ಕುಟುಂಬದ ಯಜಮಾನಿ ಎಂದು ಹೇಳುತ್ತದೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಯಜಮಾನಿಯ ಖಾತೆಗೇ ಬರುತ್ತದೆ. ಕುಡಿಯುವವನ ಉಸಿರು ಮೂಸಿ ನೋಡುವ ಬದಲು, ಕೊಡುವುದನ್ನು ಯಾರ ಕೈಗೆ ಕೊಡಬೇಕು ಎಂದು ಯೋಚಿಸಿದ್ದಾರೆ. ಇದು ಪೂರ್ತಿ ಗೆದ್ದಿದೆ ಎನ್ನುವುದಿಲ್ಲ. ಹೆಂಡತಿಯ ಕೈಯಿಂದ ಕಸಿಯುವ ಗಂಡಂದಿರು ಇದ್ದಾರೆ. ಅಂಥ ಕಡೆ ಆಕೆಗೆ ನಿಲ್ಲಲು ಸ್ತ್ರೀಶಕ್ತಿ ಸಂಘ ಬೇಕು, ಪಂಚಾಯತಿ ಬೇಕು, ಬೇಕಾದರೆ ಪೊಲೀಸರೂ ಬೇಕು. ಆದರೆ ಆಕೆಯ ಕೈಗೆ ಬರುವುದನ್ನೇ ನಿಲ್ಲಿಸಿದರೆ ಕಸಿಯುವವನ ಕೆಲಸವನ್ನು ನಾವೇ ಮಾಡಿದ ಹಾಗಾಗುತ್ತದೆ.

ಇನ್ನೊಂದು ವಿಷಯವನ್ನು ವೈದ್ಯರಿಂದ ಕಲಿತೆ. ನಮ್ಮಲ್ಲಿ ಕುಡಿತವನ್ನು ಕೊಬ್ಬು ಎನ್ನುತ್ತೇವೆ. ಶುರುವಿನಲ್ಲಿ ಹಾಗಿರಬಹುದು, ಮುಂದೆ ಅದು ರೋಗವಾಗುತ್ತದೆ. ಬಹಳ ವರ್ಷ ದಿನಾಲೂ ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಕ, ಫಿಟ್ಸು, ಭ್ರಮೆ ಬಂದು ಪ್ರಾಣಕ್ಕೂ ಅಪಾಯ ಆಗಬಹುದು. ಅಂಥವನಿಗೆ 'ನಾಳೆಯಿಂದ ಬಿಡು, ಇಲ್ಲದಿದ್ದರೆ ಅಕ್ಕಿ ಇಲ್ಲ' ಎಂದರೆ ಅವನಿಂದ ಆಗುವ ಮಾತಲ್ಲ, ವೈದ್ಯರಿಲ್ಲದೆ ಆಗಬೇಕಾದ ಮಾತೂ ಅಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ದೇಶದಲ್ಲಿ ಮದ್ಯದ ಚಟಕ್ಕೆ ಪೂರ್ತಿ ಬಿದ್ದವರಲ್ಲಿ 38 ಜನರಿಗೆ ಒಬ್ಬನಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ ಎಂದು ಅದು ಹೇಳಿತು. ಉಳಿದ 37 ಜನರಿಗೆ ಔಷಧವನ್ನೇ ತೋರಿಸದೆ ನಾವು ಪರೀಕ್ಷೆಯ ಮಾತಾಡುತ್ತಿದ್ದೇವೆ.

ಈ ಊರಿನಲ್ಲಿ ನಿಂತು ಈ ವಿಷಯ ಮಾತಾಡುವಾಗ ಒಂದು ನೆನಪು ಬರದೆ ಇರುವುದಿಲ್ಲ. 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರು, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರು ಇದೇ ಹೊಸರಿತ್ತಿಯಲ್ಲಿ ಗುಂಡಿಗೆ ಎದೆ ಕೊಟ್ಟರು. ಬ್ರಿಟಿಷ್ ಸರ್ಕಾರ ರೈತರಿಂದ ವಸೂಲು ಮಾಡಿದ ಕಂದಾಯದ ಹಣವನ್ನು ವೀರಭದ್ರ ದೇವರ ಗುಡಿಯಲ್ಲಿ ಇಟ್ಟಿತ್ತು. ಅದನ್ನು ವಶಪಡಿಸಿಕೊಳ್ಳಲು ಬಂದಾಗ ಅವರು ಪ್ರಾಣ ಬಿಟ್ಟರು. ಜನರ ಬೆವರಿನ ಹಣ ಜನರದ್ದು ಎಂಬ ಮಾತಿಗೆ ನಮ್ಮೂರು ಕೊಟ್ಟ ಬೆಲೆ ಅದು. ಇವತ್ತು ಖಜಾನೆ ನಮ್ಮದೇ. ಬೆಂಕಿಪೆಟ್ಟಿಗೆ, ಸಾಬೂನು ಕೊಳ್ಳುವ ಕೂಲಿಯವಳೂ ಅದಕ್ಕೆ ತೆರಿಗೆ ಕಟ್ಟುತ್ತಾಳೆ. ಆ ಖಜಾನೆಯಿಂದ ಬಂದ ಐದು ಕಿಲೋ ಅಕ್ಕಿಗೆ ಆಕೆ ಭಿಕ್ಷುಕಿಯಂತೆ ನಿಲ್ಲಬೇಕಾಗಿಲ್ಲ.

ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದವರು. ಗಾಂಧೀಜಿಯವರಿಗೆ ಕುಡಿತದ ಮೇಲೆ ಇದ್ದಷ್ಟು ಸಿಟ್ಟು ಯಾರಿಗಿತ್ತು? ಪಾನನಿರೋಧವನ್ನು ಅವರು ತಮ್ಮ ರಚನಾತ್ಮಕ ಕಾರ್ಯಕ್ರಮದಲ್ಲೇ ಸೇರಿಸಿದ್ದರು. ಆದರೆ ಆ ಕಾಲದ ಸತ್ಯಾಗ್ರಹಿಗಳು ಹೋಗಿ ನಿಂತದ್ದು ಹೆಂಡದಂಗಡಿಯ ಬಾಗಿಲಿಗೆ. ಕುಡಿಯುವವನ ಮನೆಯ ಒಲೆ ಆರಿಸಲು ಯಾರೂ ಹೋಗಲಿಲ್ಲ. 2019ರ ಜನವರಿಯಲ್ಲಿ ನಮ್ಮ ಉತ್ತರ ಕರ್ನಾಟಕದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಕುಡಿತದಿಂದ ಅವರಿಗಿಂತ ಹೆಚ್ಚು ನೊಂದವರು ಇಲ್ಲ. ಅವರು ಕೇಳಿದ್ದೂ ಮದ್ಯ ನಿಲ್ಲಿಸಿ ಎಂದೇ. ಅನುಭವ ಇದ್ದವರಿಗೆ ಬೇನೆ ಎಲ್ಲಿದೆ ಎಂದು ಗೊತ್ತಿರುತ್ತದೆ.

ಹಾಗಾದರೆ ನಾವೇನು ಮಾಡಬೇಕು? ಬರೇ ಮಾತಾಡಿ ಹೋದರೆ ಸಮಿತಿಯವರು ಹಾಕಿದ ಶಾಲಿಗೆ ಅರ್ಥವಿಲ್ಲ. ನನಗೆ ತೋಚಿದ್ದು ಮೂರು ಕೆಲಸ.

ಮೊದಲನೆಯದು, ಕಿರಾಣಿ ಅಂಗಡಿ, ಚಹಾದಂಗಡಿಗಳಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದನ್ನು ನಿಲ್ಲಿಸುವುದು. ಇದು ಎಲ್ಲ ಹಳ್ಳಿಗಳಲ್ಲೂ ಇರುವ ಪಿಡುಗು. ಗ್ರಾಮಸಭೆಯಲ್ಲಿ ಠರಾವು ಮಾಡಿ ಅಬಕಾರಿ ಇಲಾಖೆಗೂ ಪೊಲೀಸರಿಗೂ ಕಳಿಸಬೇಕು, ಕಳಿಸಿ ಸುಮ್ಮನೆ ಕೂಡಬಾರದು, ಮುಂದಿನ ಸಭೆಯಲ್ಲಿ ಏನಾಯಿತು ಎಂದು ಕೇಳಬೇಕು. ಪಟ್ಟಿ ಮಾಡಲೇಬೇಕು ಎಂದಿದ್ದರೆ ಕುಡಿಯುವವರ ಪಟ್ಟಿ ಬಿಟ್ಟು ಮಾರುವವರ ಪಟ್ಟಿ ಮಾಡೋಣ.

ಎರಡನೆಯದು, ಬಿಡಬೇಕು ಎನ್ನುವವನಿಗೆ ದಾರಿ ತೋರಿಸುವುದು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ. ಆದರೆ ಕೂಲಿಯವನನ್ನು ಧಾರವಾಡಕ್ಕೆ ಕರೆದೊಯ್ಯುವವರು ಯಾರು? ಅಷ್ಟು ದಿನ ಮನೆಗೆ ಕೂಲಿ ಯಾರು ತರಬೇಕು? ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಇದನ್ನು ಹೊರಬಹುದು. ವರ್ಷಕ್ಕೆ ಐದು ಜನರ ಬಸ್ಸಿನ ಖರ್ಚು, ಜೊತೆಗೆ ಹೋಗಲು ಒಬ್ಬ ಗೆಳೆಯ, ಅವನು ತಿರುಗಿ ಬರುವ ತನಕ ಮನೆಯ ಕಡೆ ಒಂದು ಕಣ್ಣು. ನನ್ನ ಪಾಲಿನ ಮೊದಲ ಕಂತನ್ನು ಇವತ್ತೇ ಸಂಘದ ಖಜಾಂಚಿಯವರ ಕೈಗೆ ಕೊಟ್ಟಿದ್ದೇನೆ. ನೆನಪಿಡಿ, ಬಿಟ್ಟವನು ಮತ್ತೆ ಕುಡಿಯುವುದುಂಟು. ಆಗ 'ನಾವು ಹೇಳಿರಲಿಲ್ಲೇನು' ಎನ್ನದೆ ಮತ್ತೆ ಕರೆದೊಯ್ಯಬೇಕು.

ಮೂರನೆಯದು, ಗುರುಗಳೇ, ನಿಮ್ಮ ಕೈಯಲ್ಲಿದೆ. ಮಗುವಿನ ಹಾಜರಿ ಕಡಿಮೆಯಾಗುತ್ತ ಬಂದರೆ ಮನೆಯಲ್ಲಿ ಏನೋ ಆಗಿದೆ ಎಂದು ಅರ್ಥ. ಎಷ್ಟೋ ಸಲ ಅದು ರೇಷನ್ನಿನ ತೊಂದರೆಯೂ ಆಗಿರುತ್ತದೆ. ಈಗ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಬಂದಿದೆ. ದುಡಿದು ಸವೆದ ಬೆರಳನ್ನು ಅದು ಗುರುತಿಸದೆ ಇರುವುದುಂಟು. ಬಡವರಿಗೆ ಪರೀಕ್ಷೆ ಇಲ್ಲವೆಂದು ಯಾರು ಹೇಳಿದರು? ತಿಂಗಳಿಗೊಂದು ಪರೀಕ್ಷೆ ಅವರು ಬರೆಯುತ್ತಲೇ ಇದ್ದಾರೆ. ಅಂಥ ಮನೆಗಳ ಸುದ್ದಿ ಮೊದಲು ತಿಳಿಯುವುದು ಶಾಲೆಗೆ. ತಿಳಿದ ಕೂಡಲೇ ಪಂಚಾಯತಿಗೆ ಒಂದು ಮಾತು ಹೇಳಿ. ನಾನಿದ್ದ ತಾಲೂಕಿನ ಆ ಶಾಲೆಯಲ್ಲಿ ಯಾರಾದರೂ ಹಾಗೆ ಒಂದು ಮಾತು ಹೇಳಿದ್ದರೆ, ಇಲ್ಲವೆ ನಾನೇ ಹೋಗಿ ಕೇಳಿದ್ದರೆ, ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸುತ್ತಿದ್ದಳೋ ಏನೋ.

ಇವತ್ತು ಮಧ್ಯಾಹ್ನ ನಾವೆಲ್ಲ ಶಾಲೆಯ ಮಕ್ಕಳ ಜೊತೆ ಸಾಲಿನಲ್ಲಿ ಕೂತು ಊಟ ಮಾಡಿದೆವು. ನಮ್ಮ ಕಾಲದಲ್ಲಿ ಬಿಸಿಯೂಟ ಇರಲಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಿಸಿ ಊಟ ಕೊಡಬೇಕೆಂದು ಆದೇಶ ಮಾಡಿದ ಮೇಲೆ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಬಂತು, ಮುಂದೆ ಪ್ರೌಢಶಾಲೆಗೂ ಬಂತು. ನಾನು ಕೂತಲ್ಲಿಂದ ಬಡಿಸುವ ತಾಯಂದಿರನ್ನೇ ನೋಡುತ್ತಿದ್ದೆ. ಅವರು ಇದೇ ಊರಿನವರು. ಯಾವ ಮಗುವಿನ ತಂದೆ ನಿನ್ನೆ ರಾತ್ರಿ ಎಲ್ಲಿ ಬಿದ್ದಿದ್ದ ಎಂದು ಅವರಿಗೆ ಗೊತ್ತಿರುತ್ತದೆ. ಆದರೂ ಸೌಟು ಎತ್ತುವ ಮೊದಲು ಯಾರನ್ನೂ ಏನನ್ನೂ ಕೇಳಲಿಲ್ಲ. ತಟ್ಟೆ ಮುಂದೆ ಬಂತು, ಅನ್ನ ಹಾಕಿದರು. ಒಂದು ಹುಡುಗ ಇನ್ನಷ್ಟು ಬೇಕು ಎಂದು ತಟ್ಟೆ ಹಿಡಿದ, ಅವನಿಗೆ ಇನ್ನೊಂದು ಸೌಟು ಹಾಕಿದರು.

ಆಹಾರ ಶಾಖೆಯಲ್ಲಿ ಮೂವತ್ತು ವರ್ಷ ಕೂತು ನಾನು ಕಲಿಯಬೇಕಾಗಿದ್ದ ಪಾಠ ಅಷ್ಟೇ ಇತ್ತು. ಅದು ನಾನು ಓದಿದ ಶಾಲೆಯ ಅಡುಗೆಮನೆಯಲ್ಲಿ ದಿನಾಲೂ ನಡೆಯುತ್ತಿದೆ. ಈ ಶಾಲೆ ನೂರು ವರ್ಷ ತುಂಬಿಸಲಿ, ಆ ಸಾಲಿನಲ್ಲಿ ಯಾವ ಮಗುವನ್ನೂ ಯಾರೂ ಎಬ್ಬಿಸದೆ ಇರಲಿ ಎಂದು ಬೇಡಿಕೊಳ್ಳುತ್ತೇನೆ.